ಒಲೆಯಿಲ್ಲದ ಕೋಣೆ: ಮುಂಬಯಿಯ ಬಿ.ಡಿ.ಡಿ. ಚಾಳಿನಲ್ಲಿ ಬಿಡುವಿನ ಲೆಕ್ಕ

ಕೋಣೆಯ ವಿಸ್ತೀರ್ಣ 160 ಚದರ ಅಡಿ. ಒಂದು ಬಾಗಿಲು, ಎದುರಿಗೆ ಕಿಟಕಿ. ಗೋಡೆಗುಂಟ ಬೀಗ ಹಾಕಿದ ತಗಡಿನ ಟ್ರಂಕುಗಳು ಒಂದರ ಮೇಲೊಂದು, ಅವುಗಳ ಮೇಲೆ ಸುತ್ತಿಟ್ಟ ಚಾಪೆ, ಕಂಬಳಿ. ಗೂಟಗಳಿಗೆ ಅಂಗಿ, ಟೊಪ್ಪಿಗೆ. ಮೂಲೆಯಲ್ಲಿ ನೀರಿನ ಹರವಿ. ದೇವರ ಪಟದ ಕೆಳಗೆ ಒಂದು ಮೃದಂಗ, ಒಂದು ಜೊತೆ ತಾಳ. ಹತ್ತು ಹದಿನೈದು ಗಂಡಸರು ಬಾಳುವ ಈ ಕೋಣೆಯಲ್ಲಿ ಒಲೆ ಇಲ್ಲ.

ಮುಂಬಯಿಯ ಚಾಳು, ಅಂದರೆ ಒಂಟಿ ಕೋಣೆಗಳ ಸಾಲಿನ ಬಾಡಿಗೆ ಕಟ್ಟಡ, ಎಂದ ಕೂಡಲೇ ಕಣ್ಣಿಗೆ ಬರುವುದು ಪಡಸಾಲೆಯ ಹರಟೆ, ಗಣಪತಿಯ ಹತ್ತು ದಿನ, ಮೊಸರು ಗಡಿಗೆ ಒಡೆಯುವ ಹುಡುಗರು, ಒಬ್ಬರ ಮನೆಯ ಒಗ್ಗರಣೆ ಇನ್ನೊಬ್ಬರ ಮನೆಗೆ ಘಮ್ಮೆನ್ನುವುದು. ಇದೆಲ್ಲ ಇತ್ತು. ಆದರೆ ದಿನಕ್ಕೆ ಹತ್ತು ಹನ್ನೊಂದು ತಾಸು ಬಟ್ಟೆ ಗಿರಣಿಯಲ್ಲಿ ನಿಂತು ಬಂದ ಮನುಷ್ಯನಿಗೆ ಭಜನೆಗೆ, ಕುಸ್ತಿಗೆ, ನಾಟಕದ ತಾಲೀಮಿಗೆ ಹೊತ್ತು ಎಲ್ಲಿಂದ ಬಂತು? ಅದನ್ನು ಹುಡುಕುತ್ತ ಹೋದರೆ ದಾರಿ ಅದೇ ಪಡಸಾಲೆಯ ಇನ್ನೊಂದು ಬಾಗಿಲಿಗೆ, ಒಲೆ ಆರದ ಒಂದು ಕೋಣೆಗೆ ಕರೆದೊಯ್ಯುತ್ತದೆ. ಅದು ಖಾನಾವಳಿಯವಳ, ಅಂದರೆ ಒಂಟಿ ಗಂಡಸರಿಗೆ ದುಡ್ಡಿಗೆ ಊಟ ಹಾಕುವ ಹೆಂಗಸಿನ ಕೋಣೆ. ಚಾಳಿನ ಬಿಡುವಿನ ಕತೆಯನ್ನು ಅಲ್ಲಿಂದ ಹೇಳಬೇಕೆಂಬುದು ನನ್ನ ಹಟ.

ಪ್ರಕರಣಕ್ಕೆ ಆರಿಸಿಕೊಂಡಿರುವುದು ಲೋವರ್ ಪರೇಲಿನ ಡಿಲೈಲ್ ರೋಡಿನ ಬಿ.ಡಿ.ಡಿ. (ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್) ಚಾಳುಗಳನ್ನು. ರಸ್ತೆಗೆ ಈಗ ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರ ಹೆಸರು. ಇಲ್ಲಿ ವಿವರಿಸಿದ ಕೋಣೆ ಯಾವುದೋ ಒಂದು ನಂಬರಿನ ಕೋಣೆಯಲ್ಲ. ಒಂದೇ ಅಳತೆಯ, ಒಂದೇ ಅಚ್ಚಿನ ಸಾವಿರಾರು ಕೋಣೆಗಳಲ್ಲಿ ಒಂಟಿ ಗಂಡಸರು ಕೂಡಿ ಬಾಳಿದ ಬಗೆಯನ್ನು ಒಂದು ಕೋಣೆಯೊಳಗೆ ತಂದು ನೋಡಿದ್ದೇನೆ.

ಕಟ್ಟಡ

1896ರ ಪ್ಲೇಗಿನ ಹೊಡೆತಕ್ಕೆ ಮುಂಬಯಿಯ ಆಡಳಿತ ಮೊದಲ ಬಾರಿಗೆ ಬಡವರ ಮನೆಗಳತ್ತ ತಿರುಗಿ ನೋಡಿತು. 1898ರಲ್ಲಿ ನಗರ ಸುಧಾರಣೆಗೆಂದು ಇಂಪ್ರೂವ್‌ಮೆಂಟ್ ಟ್ರಸ್ಟ್ ಬಂತು, ಅದರ ಚಾಳುಗಳು ಬಂದವು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಗಿರಣಿಗಳು ಲಾಭದಲ್ಲಿ ತೇಲುತ್ತಿದ್ದವು, ದುಡಿಯುವವರಿಗೆ ಮಾತ್ರ ತಲೆಯ ಮೇಲೊಂದು ಸೂರು ಸಿಗುವುದು ದುಸ್ತರವಾಗಿತ್ತು. ಗವರ್ನರ್ ಜಾರ್ಜ್ ಲಾಯ್ಡ್ 1920ರಲ್ಲಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ತೆರೆದರು. ನಗರದೊಳಕ್ಕೆ ಬರುವ ಹತ್ತಿಯ ಪ್ರತಿ ಅಂಡಿಗೆಗೆ ಒಂದು ರೂಪಾಯಿ ಸುಂಕ ಹಾಕಿ ಆ ದುಡ್ಡಿನಲ್ಲಿ 50,000 ಕೋಣೆ ಕಟ್ಟುವ ಯೋಜನೆ ಅದು. ಕೊನೆಗೆ ಎದ್ದು ನಿಂತಿದ್ದು 207 ಕಟ್ಟಡಗಳು: ವರಳಿಯಲ್ಲಿ 121, ನಾಯಗಾಂವ್‌ನಲ್ಲಿ 42, ಡಿಲೈಲ್ ರೋಡಿನಲ್ಲಿ 32, ಶಿವಡಿಯಲ್ಲಿ 12.

ಅಚ್ಚು ಒಂದೇ. ನೆಲಮಹಡಿ, ಮೇಲೆ ಮೂರು ಅಂತಸ್ತು. ಪ್ರತಿ ಅಂತಸ್ತಿನ ನಡುವೆ ಉದ್ದನೆಯ ಪಡಸಾಲೆ, ಎರಡೂ ಬದಿಗೆ ಹತ್ತು ಹತ್ತು ಕೋಣೆ. ಶೌಚ ಎಲ್ಲರಿಗೂ ಸೇರಿದ್ದು, ನಲ್ಲಿಯೂ ಹಾಗೆಯೇ. ಕಟ್ಟಡಕ್ಕೆ ಎಂಬತ್ತು ಕೋಣೆಯಂತೆ ಡಿಲೈಲ್ ರೋಡಿನ 32 ಕಟ್ಟಡಗಳಲ್ಲೇ 2,560 ಕೋಣೆಗಳಾದವು. ಗಿರ್‌ಗಾಂವ್‌ನ ಹಳೆಯ ಚಾಳುಗಳಲ್ಲಿ ಪಡಸಾಲೆ ಹೊರಬದಿಗೆ, ಅಂಗಳದತ್ತ ತೆರೆದಿರುತ್ತದೆ. ಬಿಸಿಲು, ಗಾಳಿ, ಕೆಳಗಿನ ಜಗಳ ಎಲ್ಲ ಅಲ್ಲಿಂದಲೇ ಕಾಣುತ್ತದೆ. ಬಿ.ಡಿ.ಡಿ. ಚಾಳಿನಲ್ಲಿ ಅದು ಕಟ್ಟಡದ ಹೊಟ್ಟೆಯೊಳಗೆ ಹೋಯಿತು. ಹಗಲಲ್ಲೂ ಮಬ್ಬು. ಕಾಂಕ್ರೀಟಿನ ಬ್ಯಾರಕ್ಕು ಎಂದು ಜನ ಮುಖ ತಿರುಗಿಸಿದರು. ವರಳಿಯ ಕಟ್ಟಡಗಳು ಊರಾಚೆಗಿದ್ದವು, ಬಾಡಿಗೆಯೂ ಕೈಗೆಟುಕುವಂತಿರಲಿಲ್ಲ. ವರ್ಷಗಟ್ಟಲೆ ಎಷ್ಟೋ ಕೋಣೆ ಖಾಲಿ ಬಿದ್ದವು. 1930ರ ಕಾನೂನುಭಂಗ ಚಳವಳಿಯ ಕಾಲದಲ್ಲಿ ಸತ್ಯಾಗ್ರಹಿಗಳನ್ನು ಕೂಡಿಹಾಕಲು ಸರ್ಕಾರ ವರಳಿಯ ಚಾಳುಗಳನ್ನೇ ತಾತ್ಕಾಲಿಕ ಸೆರೆಮನೆ ಮಾಡಿತು. ದುಡಿಯುವವನ ಮನೆಯೆಂದು ಕಟ್ಟಿದ್ದು ಹೆಚ್ಚು ಬದಲಾವಣೆಯಿಲ್ಲದೆ ಜೈಲಾಯಿತು ಎನ್ನುವುದನ್ನು ಓದಿದಾಗ ನನಗೆ ಸಂಕಟವಾಗಿತ್ತು.

ಒಂದು ಊರಿನ ಕೋಣೆ

ಕೋಣೆಯನ್ನು ಹಿಡಿದವರು ಒಂದು ಮನೆತನದವರಲ್ಲ, ಒಂದು ಊರಿನವರು. ಗಿರಣಿಯ ಆಳುಗಳಲ್ಲಿ ಬಹುಪಾಲು ಕೊಂಕಣದ ರತ್ನಾಗಿರಿಯವರು, ಘಟ್ಟದ ಮೇಲಿನ ಸಾತಾರಾ, ಕೊಲ್ಹಾಪುರದವರು. ಹೆಂಡತಿ ಮಕ್ಕಳು ಊರಲ್ಲಿ ಹೊಲ ನೋಡಿಕೊಳ್ಳುತ್ತಿದ್ದರು, ಗಂಡಸು ಒಬ್ಬನೇ ಶಹರಕ್ಕೆ ಬರುತ್ತಿದ್ದ. 1921ರ ಜನಗಣತಿಯಲ್ಲಿ ಮುಂಬಯಿಯ ಸಾವಿರ ಗಂಡಸರಿಗೆ ಇದ್ದದ್ದು ಸುಮಾರು 525 ಹೆಂಗಸರು. ಈ ಒಂದು ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ತಾನಾಗಿ ತಿಳಿಯುತ್ತದೆ.

ಬಾಡಿಗೆ ಪಾವತಿ ಒಬ್ಬನ ಹೆಸರಿಗೆ, ವಂತಿಗೆ ಎಲ್ಲರದು. ಊರಿನಿಂದ ಹೊಸ ಹುಡುಗ ಬಂದರೆ ಅವನ ಟ್ರಂಕಿಗೆ ಗೋಡೆಯ ಬದಿಯಲ್ಲಿ ಜಾಗ ಮಾಡಬೇಕು, ಆಳುಗಳ ಮೇಸ್ತ್ರಿಯಾದ ಮುಕಾದಮನ ಹತ್ತಿರ ಕರೆದುಕೊಂಡು ಹೋಗಿ, ಬಾರದವನ ಜಾಗದಲ್ಲಿ ಆ ದಿನಕ್ಕೆ ಸಿಗುವ ಬದಲಿ ಕೆಲಸಕ್ಕೆ ಹೆಸರು ಹೇಳಬೇಕು, ಕೆಲಸ ಸಿಗುವ ತನಕ ಅವನ ಊಟದ ಲೆಕ್ಕಕ್ಕೆ ಯಾರಾದರೂ ಜವಾಬು ಕೊಡಬೇಕು. ಕಾಯಿಲೆ ಬಿದ್ದವನನ್ನು ಊರಿಗೆ ಮುಟ್ಟಿಸುವುದು, ಊರ ದೇವಸ್ಥಾನದ ಹಂಚು ಹೊದಿಸಲು ಹಣ ಕೂಡಿಸುವುದು, ಶಿಮಗಾ (ಹೋಳಿ) ಹುಣ್ಣಿಮೆಗೆ, ಗಣಪತಿಗೆ ರಜೆ ಹಾಕಿ ಊರಿಗೆ ಹೋಗುವವರ ಸರದಿ ಗೊತ್ತು ಮಾಡುವುದು ಎಲ್ಲವೂ ಊರಿನ ಮಂಡಳದ, ಅಂದರೆ ಶಹರದಲ್ಲಿರುವ ಆ ಊರಿನವರ ಸಂಘದ ಕೆಲಸ. ನಮ್ಮ ಕರಾವಳಿಯ ಹುಡುಗರೂ ಇದೇ ಮುಂಬಯಿಗೆ ಬಂದು ಹೋಟೆಲುಗಳಲ್ಲಿ ಲೋಟ ತೊಳೆದರು, ಅಂಗಡಿ ಮುಚ್ಚಿದ ಮೇಲೆ ಅಲ್ಲೇ ಬೆಂಚಿನ ಮೇಲೆ ಮಲಗಿದರು. ಅವರ ಬಿಡುವು ಹೋದದ್ದು ಬೇರೆ ದಾರಿಗೆ: ಮೊಗವೀರ ಸಮಾಜದವರೂ ಇತರರೂ ನಡೆಸಿದ ರಾತ್ರಿ ಶಾಲೆಗಳ ಬೆಂಚಿಗೆ. ಅದನ್ನು ಪ್ರತ್ಯೇಕವಾಗಿಯೇ ಬರೆಯಬೇಕು.

ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಮಲಗಲು ಆಗುತ್ತಿರಲಿಲ್ಲ, ಮಲಗುತ್ತಲೂ ಇರಲಿಲ್ಲ. ಗಿರಣಿಯಲ್ಲಿ ರಾತ್ರಿ ಪಾಳಿ ಶುರುವಾದ ಮೇಲೆ ಒಬ್ಬ ಎದ್ದು ಹೋದ ಚಾಪೆಯ ಜಾಗದಲ್ಲಿ ಇನ್ನೊಬ್ಬ ಬಂದು ಒರಗುತ್ತಿದ್ದ. ಮಿಕ್ಕವರು ಪಡಸಾಲೆಯಲ್ಲಿ, ಮೆಟ್ಟಿಲ ಬಳಿ, ಮಳೆಯಿಲ್ಲದ ಎಂಟು ತಿಂಗಳು ಫುಟ್‌ಪಾತಿನ ಮೇಲೆ. ಒಂದೇ ಜಾಗವನ್ನು ಹೊತ್ತಿನ ಲೆಕ್ಕದಲ್ಲಿ ಹಂಚಿಕೊಳ್ಳುವ ಈ ವಿದ್ಯೆ ಸಂಸಾರಸ್ಥರ ಕೋಣೆಗಳಲ್ಲೂ ಇತ್ತು. ಪರೇಲಿನ ಒಂದು ಚಾಳಿನ ಒಂಟಿ ಕೋಣೆಯಲ್ಲಿ ಬೆಳೆದ ಹುಡುಗ ಭೀಮರಾವ್ ಅಂಬೇಡ್ಕರ್ ಸಂಜೆಯೇ ಮಲಗಿಬಿಡುತ್ತಿದ್ದರು. ತಂದೆ ರಾಮ್‌ಜೀ ನಡುರಾತ್ರಿ ಎರಡು ಗಂಟೆಗೆ ಎಬ್ಬಿಸಿ ಓದಲು ಕೂರಿಸುತ್ತಿದ್ದರು. ಚಾಳು ಸದ್ದಡಗಿ, ಕೋಣೆಯ ಒಂದು ಮೂಲೆ ಖಾಲಿಯಾಗುತ್ತಿದ್ದದ್ದು ಆ ಹೊತ್ತಿಗೆ ಮಾತ್ರ. ಮುಂದೆ ವಿದೇಶಗಳಲ್ಲಿ ಓದಿ ಬಂದ ಮೇಲೂ 1930ರ ದಶಕದವರೆಗೆ ಅವರ ಸಂಸಾರ ಇದ್ದದ್ದು ಪರೇಲಿನ ಇಂಪ್ರೂವ್‌ಮೆಂಟ್ ಟ್ರಸ್ಟಿನ ಚಾಳಿನಲ್ಲೇ.

ಭೋಂಗಾ ಕೂಗುವ ನಡುವೆ

ಗಿರಣಿಯ ಭೋಂಗಾ, ಅಂದರೆ ಸೈರನ್, ಒಮ್ಮೆ ಕೂಗಿ ಮತ್ತೆ ಕೂಗುವ ನಡುವೆ ಬಿಡುವು ಎಷ್ಟಿತ್ತು? ಅದಕ್ಕೆ ಕಾಯಿದೆಯ ಪುಸ್ತಕ ತೆರೆಯಬೇಕು. 1911ರ ಫ್ಯಾಕ್ಟರಿ ಕಾಯಿದೆ ಬಟ್ಟೆ ಗಿರಣಿಯ ಗಂಡಾಳಿನ ದುಡಿಮೆಯನ್ನು ದಿನಕ್ಕೆ 12 ತಾಸಿಗೆ ಮಿತಿಗೊಳಿಸಿತು. 1922ರದು 11 ತಾಸಿಗೆ ಇಳಿಸಿ ವಾರಕ್ಕೆ 60 ತಾಸು ಎಂದಿತು. 1934ರದು 10 ತಾಸು, ವಾರಕ್ಕೆ 54. 1946ರ ತಿದ್ದುಪಡಿಯಲ್ಲಿ 9 ತಾಸು, ವಾರಕ್ಕೆ 48. ಮೂವತ್ತೈದು ವರ್ಷದಲ್ಲಿ ದಿನಕ್ಕೆ ಮೂರು ತಾಸು. ಅದೂ ಸುಮ್ಮನೆ ಉದುರಿದ್ದಲ್ಲ. 1924, 1925, 1928, 1934, ಹೀಗೆ ಒಂದರ ಹಿಂದೊಂದು ದೊಡ್ಡ ಮುಷ್ಕರ ಕಂಡ ಶಹರ ಅದು. ಆ ಮುಷ್ಕರಗಳು ಕೂಲಿಗೆ, ಬೋನಸ್ಸಿಗೆ, ಕೆಲಸದ ಹೊರೆಗೆ ಸಂಬಂಧಪಟ್ಟವು, ಆದರೆ ದುಡಿಯುವವನ ಹೊತ್ತಿಗೂ ಒಂದು ಬೆಲೆಯುಂಟೆಂದು ಸರ್ಕಾರದ ಕಿವಿಗೆ ಹಾಕಿದ ಗದ್ದಲದಲ್ಲಿ ಅವುಗಳ ಪಾಲು ದೊಡ್ಡದು.

1922ರ ಲೆಕ್ಕವನ್ನೇ ಹಿಡಿಯೋಣ. ದುಡಿಮೆ 11 ತಾಸು, ನಡುವೆ ಊಟದ ಬಿಡುವು ಒಂದು ತಾಸು, ಹೋಗಿ ಬರುವುದಕ್ಕೆ ಅರ್ಧ ತಾಸು. ನಿದ್ದೆಗೆ ಏಳು ತಾಸು ತೆಗೆದರೆ ಉಳಿಯುವುದು ನಾಲ್ಕೂವರೆ. ಅದರಲ್ಲಿ ನಲ್ಲಿಯ ಸರದಿ, ಶೌಚದ ಸರದಿ, ಸ್ನಾನ, ಬಟ್ಟೆ ಒಗೆಯುವುದು. ಅಡುಗೆಯನ್ನೂ ತಾನೇ ಮಾಡಿಕೊಳ್ಳಬೇಕೆಂದಿದ್ದರೆ, ಮಾಡಿ, ಉಂಡು, ಪಾತ್ರೆ ಬೆಳಗುವ ಹೊತ್ತಿಗೆ ಎರಡು ತಾಸು ಹೋಯಿತು. ಮೃದಂಗ ಗೋಡೆಗೇ ಒರಗಿರಬೇಕಾಗುತ್ತಿತ್ತು.

ಹಾಗಾಗಲಿಲ್ಲ. ಸಂಜೆಯ ಪಡಸಾಲೆ ತುಂಬಿ ತುಳುಕುತ್ತಿತ್ತು. ಒಬ್ಬ ಪತ್ರಿಕೆಯನ್ನು ಜೋರಾಗಿ ಓದಿದರೆ ಹತ್ತು ಮಂದಿ ಕೇಳುತ್ತಿದ್ದರು; ಅಕ್ಷರ ಬಾರದವನೂ ಶಹರದ ಸುದ್ದಿ ಬಲ್ಲವನಾದದ್ದು ಹೀಗೆ. ಕೇರಂ ಹಲಗೆಯ ಸುತ್ತ ನಾಲ್ವರು ಆಡಲು, ಹದಿನಾಲ್ವರು ನೋಡಲು. ಅಂಗಳದ ಮಣ್ಣಿನಲ್ಲಿ ಕಬಡ್ಡಿ. ತಾಲೀಮಿನ ಮನೆಯಲ್ಲಿ ಸಾಮು, ಕುಸ್ತಿ. ಅದನ್ನು ನಡೆಸುವವನು ಎಷ್ಟೋ ಕಡೆ ಬೀದಿಯ ದಾದಾ, ಅವನ ಬೆನ್ನಿಗೆ ಗಿರಣಿಯ ಮುಕಾದಮ. ಮೈ ಕಟ್ಟಿದ ಹುಡುಗರು ಮುಷ್ಕರ ಕಟ್ಟಲೂ ಬೇಕಾಗುತ್ತಿದ್ದರು, ಮುರಿಯಲೂ. ಬಿಡುವಿನ ಜಾಗಗಳು ನಿಷ್ಪಾಪದ ಜಾಗಗಳೇನೂ ಆಗಿರಲಿಲ್ಲ. ಶೇಂದಿ ಅಂಗಡಿಯಿತ್ತು, ಪಠಾಣನ ಬಡ್ಡಿ ಸಾಲವಿತ್ತು, ಅಂಕಿಯ ಜೂಜು ಇತ್ತು. ಈ ಜೂಜಿನ ಬಗ್ಗೆ ಒಂದು ಮಾತು ಹೇಳಲೇಬೇಕು. ನ್ಯೂಯಾರ್ಕಿನ ಹತ್ತಿ ಪೇಟೆಯ ತೆರೆಯುವ, ಮುಚ್ಚುವ ಧಾರಣೆ ತಂತಿಯ ಮೂಲಕ ಮುಂಬಯಿಗೆ ಬರುತ್ತಿತ್ತು, ಆ ಅಂಕಿಯ ಮೇಲೆ ಬಾಜಿ. ಹಗಲೆಲ್ಲ ಹತ್ತಿಯ ಧೂಳು ಕುಡಿದವನು ರಾತ್ರಿ ತನ್ನ ಒಂದಾಣೆಯನ್ನು ಅದೇ ಹತ್ತಿಯ ಬೆಲೆಗೆ ಒಡ್ಡುತ್ತಿದ್ದ. ಆ ಧಾರಣೆ ಬರುವುದು ನಿಂತ ಮೇಲೆ, 1962ರಲ್ಲಿ, ವರಳಿಯಲ್ಲೇ ಮಟಕಾ ಹುಟ್ಟಿತು. ಅದರ ಬೆಂಕಿ ನಮ್ಮ ಬೆಳಗಾವಿ, ಹುಬ್ಬಳ್ಳಿಯವರೆಗೂ ಬಂತು.

ಎಲ್ಲಕ್ಕಿಂತ ಗಟ್ಟಿಯಾಗಿ ಕೇಳುತ್ತಿದ್ದದ್ದು ಭಜನೆ. ಊರಿನ ಕೋಣೆಗೊಂದು ಭಜನಾ ಮೇಳ. ತುಕಾರಾಮನ ಅಭಂಗಕ್ಕೆ ಕೊಂಕಣದ ಲಯ. ಎರಡು ಮೇಳಗಳ ನಡುವೆ ಸವಾಲು ಜವಾಬು ಬಿದ್ದರೆ ಬೆಳಕು ಹರಿಯುವವರೆಗೆ ಯಾರಿಗೂ ನಿದ್ದೆಯಿಲ್ಲ. ಘಟ್ಟದ ಮೇಲಿನವರಿಗೆ ಹಾಡು ಕುಣಿತದ ಬಯಲಾಟವಾದ ತಮಾಷಾ, ವೀರರ ಕತೆ ಹಾಡುವ ಪೋವಾಡಾ. 1940ರ ದಶಕದಲ್ಲಿ ಅಣ್ಣಾಭಾವು ಸಾಠೆ, ಅಮರ್ ಶೇಖ್ ಅವರಂಥ ಶಾಹೀರರು (ಜನಪದ ಕವಿ ಗಾಯಕರು) ಆ ತಮಾಷೆಯ ಒಡಲಿಗೇ ಕೆಂಬಾವುಟದ ಮಾತು ತುಂಬಿ ಚಾಳಿನ ಅಂಗಳಗಳಲ್ಲಿ ಹಾಡಿದರು. ಪರೇಲಿನಲ್ಲಿ ಎನ್.ಎಂ. ಜೋಶಿಯವರು 1911ರಲ್ಲಿ ಕಟ್ಟಿದ ಸೋಷಿಯಲ್ ಸರ್ವಿಸ್ ಲೀಗ್ ರಾತ್ರಿ ಶಾಲೆ, ವಾಚನಾಲಯ ನಡೆಸುತ್ತಿತ್ತು. ಅದರ ದಾಮೋದರ್ ಹಾಲಿನ ರಂಗದ ಮೇಲೆ ಗಿರಣಿಯ ಆಳುಗಳೇ ಬಣ್ಣ ಹಚ್ಚಿದರು. ನೂಲುವ ಯಂತ್ರದ ಮುಂದೆ ನಿಂತು ಮನಸ್ಸಿನಲ್ಲೇ ಮಾತು ಬಾಯಿಪಾಠ ಮಾಡಿಕೊಂಡವನನ್ನು ನೆನೆದರೆ ನನಗೆ ಗೌರವ ಉಕ್ಕುತ್ತದೆ. 1953ರ ಕಾಯಿದೆಯಿಂದ ಕಾರ್ಮಿಕ ಕಲ್ಯಾಣ ನಿಧಿ ಬಂದ ಮೇಲೆ ಇಂಥ ಚಟುವಟಿಕೆಗಳಿಗೆ ಸರ್ಕಾರದ ಆಸರೆಯೂ ಸಿಕ್ಕಿತು. ಲಾಲ್‌ಬಾಗಿನ ಭಾರತ್‌ಮಾತಾ ಟಾಕೀಸಿನಲ್ಲಿ ಮರಾಠಿ ಸಿನಿಮಾ. ಮಾರುಕಟ್ಟೆಯ ಗಣಪತಿ 1934ರಿಂದ. ಇವತ್ತು ಕೋಟಿ ಜನ ಬಲ್ಲ ಲಾಲ್‌ಬಾಗಿನ ಗಣಪತಿ ಅದೇ.

ಎಲ್ಲ ಅಂಗಳ ಎಲ್ಲರದೂ ಆಗಿರಲಿಲ್ಲ ಎನ್ನುವುದನ್ನು ಮುಚ್ಚಿಡಬಾರದು. ಗಿರಣಿಯಲ್ಲಿ ದಲಿತರನ್ನು ನೇಯ್ಗೆಯ ಖಾತೆಗೆ ಸೇರಿಸುತ್ತಿರಲಿಲ್ಲ. ಲಾಳಿಯ ತೂತಿನಿಂದ ನೂಲನ್ನು ಬಾಯಿಂದ ಎಳೆಯಬೇಕು, ಆ ಲಾಳಿ ಕೈಯಿಂದ ಕೈಗೆ ಹೋಗುತ್ತದೆ, ಎಂಜಲಾಗುತ್ತದೆ ಎಂಬುದು ನೆಪ. ಹೆಚ್ಚು ಕೂಲಿ ಸಿಗುತ್ತಿದ್ದದ್ದು ಆ ಖಾತೆಯಲ್ಲೇ. 1928ರ ಮುಷ್ಕರದ ಹೊತ್ತಿಗೆ ಅಂಬೇಡ್ಕರ್ ಇದನ್ನು ಎತ್ತಿ ಕೇಳಿದರು. ಚಾಳಿನಲ್ಲೂ ಯಾವ ಕಟ್ಟಡದಲ್ಲಿ ಯಾರು, ಯಾವ ನಲ್ಲಿ ಯಾರದು, ಯಾರ ಖಾನಾವಳಿಯಲ್ಲಿ ಯಾರು ಉಣ್ಣಬಹುದು ಎಂಬುದಕ್ಕೆಲ್ಲ ಗೆರೆಯಿತ್ತು. 1974ರಲ್ಲಿ ವರಳಿಯ ಬಿ.ಡಿ.ಡಿ. ಚಾಳುಗಳಲ್ಲಿ ದಲಿತ ಯುವಕರ ಸಂಘಟನೆಯಾದ ದಲಿತ ಪ್ಯಾಂಥರ್ಸ್ ಮತ್ತು ಶಿವಸೇನೆಯವರ ನಡುವೆ ಗಲಭೆ ಭುಗಿಲೆದ್ದಾಗ ಆ ಗೆರೆಗಳು ರಸ್ತೆಯ ಮೇಲೇ ಕಾಣಿಸಿದವು.

ಒಲೆ ಇರುವ ಕೋಣೆ

ಖಾನಾವಳಿ ಎನ್ನುವ ಮಾತು ನಮಗೆ ಹೊಸದಲ್ಲ. ಧಾರವಾಡ, ಬೆಳಗಾವಿ, ವಿಜಯಪುರ 1956ರವರೆಗೆ ಮುಂಬಯಿ ಪ್ರಾಂತ್ಯಕ್ಕೇ ಸೇರಿದ್ದವು. ಮಾತೂ ಆ ಕಡೆ ಈ ಕಡೆ ಓಡಾಡಿದೆ. ನಮ್ಮಲ್ಲಿ ಅದು ರೊಟ್ಟಿ ಊಟದ ಅಂಗಡಿ, ಹೊರಗೆ ಬೋರ್ಡು ಇರುತ್ತದೆ. ಡಿಲೈಲ್ ರೋಡಿನ ಖಾನಾವಳಿಗೆ ಬೋರ್ಡಿರಲಿಲ್ಲ. ಅದು ಒಬ್ಬ ಹೆಂಗಸಿನ 160 ಚದರ ಅಡಿಯ ಮನೆ. ಗಂಡ ಗಿರಣಿಯವನು, ಅಥವಾ ಗಿರಣಿಯಲ್ಲಿ ದುಡಿದು ಕೆಮ್ಮಿ ಸತ್ತವನು. ಮಕ್ಕಳು ಅದೇ ಕೋಣೆಯಲ್ಲಿ. ಅವಳ ಒಲೆಯ ಮೇಲೆ ಊರಿನ, ಜಾತಿಯ ಹತ್ತಾರು ಒಂಟಿ ಗಂಡಸರ ಎರಡು ಹೊತ್ತಿನ ಊಟ. ಕೊಂಕಣಿಗರಾದರೆ ಅನ್ನ, ಒಣಮೀನಿನ ಸಾರು. ಘಟ್ಟದವರಾದರೆ ಭಾಕರಿ, ಝುಣಕ, ಹಸಿಮೆಣಸಿನಕಾಯಿಯ ಖಾರ. ಗಿರಣಿಯಲ್ಲಿ ವೈಂಡಿಂಗ್, ರೀಲಿಂಗ್ ಖಾತೆಗಳಲ್ಲಿ ಹೆಂಗಸರಿಗೆ ಕೆಲಸವಿತ್ತು, ಆದರೆ ಅದು ವರ್ಷ ವರ್ಷಕ್ಕೆ ಕುಗ್ಗುತ್ತ ಹೋಯಿತು. ಹೊರಗೆ ಬಾಗಿಲು ಮುಚ್ಚಿದಷ್ಟೂ ಒಳಗಿನ ಒಲೆ ದೊಡ್ಡದಾಯಿತು.

ಅವಳ ಒಂದು ದಿನವನ್ನು ಲೆಕ್ಕ ಹಾಕಿ ನೋಡಿ. ಹನ್ನೆರಡು ಮಂದಿ ಊಟಕ್ಕಿದ್ದಾರೆ ಅಂದುಕೊಳ್ಳೋಣ. ಹೊತ್ತಿಗೆ ತಲೆಗೆ ನಾಲ್ಕು ಭಾಕರಿಯಂತೆ ದಿನಕ್ಕೆ 96. ಒಂದೊಂದಕ್ಕೆ ತಟ್ಟಿ, ಬೇಯಿಸಿ, ಇಳಿಸಲು ಎರಡೇ ನಿಮಿಷ ಹಿಡಿದರೂ 192 ನಿಮಿಷ, ಬೆಂಕಿಯ ಮುಂದೆ ಮೂರು ತಾಸು ಮಿಕ್ಕಿತು. ಅದು ಬರೀ ಭಾಕರಿಯ ಲೆಕ್ಕ. ಬೆಳಗಿನ ಜಾವ ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಕೊಡ ಹಿಡಿದು ಸರದಿಯಲ್ಲಿ ನಿಲ್ಲುವುದು, ಅಕ್ಕಿ ಆರಿಸುವುದು, ಮಸಾಲೆ ಅರೆಯುವುದು, ಪಾತ್ರೆ ಬೆಳಗುವುದು, ಗಿರಣಿಯ ಬಾಗಿಲಿಗೆ ಡಬ್ಬಾ ಮುಟ್ಟಿಸುವುದು ಬೇರೆ. ಗಿರಣಿಯಲ್ಲಿ ಪಾಳಿಗಳು ಎರಡಾಗಿ, ಮೂರಾದಾಗ ಅವಳ ಮನೆಯಲ್ಲಿ ಊಟದ ಹೊತ್ತುಗಳೂ ಹೆಚ್ಚಿದವು. ಬೆಳಗಿನ ಪಾಳಿಯವನು ಹೊರಟಾಗ ರಾತ್ರಿ ಪಾಳಿಯವನು ಹಸಿದು ಬಂದ. ಗಂಡಸರಿಗೆ ಒಬ್ಬೊಬ್ಬರಿಗೆ ಒಂದೊಂದು ಪಾಳಿ, ಅವಳಿಗೆ ಮೂರೂ.

ಈಗ ಪಡಸಾಲೆಗೆ ಮರಳಿ ಬನ್ನಿ. ಅಡುಗೆ ತಾವೇ ಮಾಡಿಕೊಂಡಿದ್ದರೆ ಒಬ್ಬೊಬ್ಬರಿಗೂ ಹೋಗುತ್ತಿದ್ದ ಎರಡು ತಾಸು ಉಳಿಯಿತು. ಹನ್ನೆರಡು ಮಂದಿಗೆ ಎರಡೆರಡರಂತೆ ಇಪ್ಪತ್ನಾಲ್ಕು ತಾಸು. ಭಜನೆಯ ತಾಳ ಬಿದ್ದದ್ದು ಆ ತಾಸುಗಳಲ್ಲಿ, ಕೇರಂ ಆಡಿದ್ದು, ನಾಟಕದ ಮಾತು ಕಲಿತದ್ದು, ಪ್ರಭಾದೇವಿಯ ನಾಗೂ ಸಯಾಜಿ ವಾಡಿಯ ಸಭೆಗೆ ಹೋಗಿ ಭಾಷಣ ಕೇಳಿದ್ದು ಆ ತಾಸುಗಳಲ್ಲಿ. ಕಾರ್ಮಿಕರ ಸಂಸ್ಕೃತಿಯನ್ನು ಮೆಚ್ಚಿ ಬರೆದ ಎಷ್ಟೋ ಬರಹಗಳಲ್ಲಿ ಶಾಹೀರನ ಡಫ್ ಕೇಳಿಸುತ್ತದೆ, ಭಾಕರಿ ತಟ್ಟುವ ಸದ್ದು ಕೇಳಿಸುವುದಿಲ್ಲ. ಎರಡೂ ಒಂದೇ ಪಡಸಾಲೆಯಲ್ಲಿ, ಒಂದೇ ಸಂಜೆ, ಹತ್ತು ಮೊಳ ಅಂತರದಲ್ಲಿ ಆಗುತ್ತಿದ್ದವು.

ಹೊತ್ತು ಮಾತ್ರವಲ್ಲ, ದುಡ್ಡೂ ಅವಳದೇ ಮೊದಲು ಹೋಗುತ್ತಿತ್ತು. ಗಿರಣಿಯ ಪಗಾರ ತಿಂಗಳಿಗೊಮ್ಮೆ, ಅದೂ ತಿಂಗಳು ಮುಗಿದು ಹತ್ತು ಹದಿನೈದು ದಿನದ ಮೇಲೆ. ಅಂದರೆ ಒಬ್ಬ ಹುಡುಗ ಮೊದಲ ದಿನ ಉಂಡ ಊಟದ ಹಣ ಅವಳ ಕೈಗೆ ಬರಲು ಒಂದೂವರೆ ತಿಂಗಳು. ಅಷ್ಟು ದಿನ ಅಕ್ಕಿ, ಜೋಳ, ಸೀಮೆಎಣ್ಣೆ ಎಲ್ಲ ಕಿರಾಣಿ ಅಂಗಡಿಯ ಉದ್ರಿ, ಅದರ ಮೇಲೆ ಬಡ್ಡಿ. ಪಗಾರದ ದಿನ ಕೆಲವರು ಕೊಟ್ಟರು, ಕೆಲವರು ಅರ್ಧ ಕೊಟ್ಟರು, ಬದಲಿ ಹುಡುಗನಿಗೆ ಆ ತಿಂಗಳು ಎಂಟೇ ದಿನ ಕೆಲಸ ಸಿಕ್ಕಿತ್ತು. ಊರಿನವನೇ, ಬಿಡಲಾದೀತೆ? ಒಬ್ಬನ ಕೆಲಸ ಹೋದಾಗ, ಮುಷ್ಕರ ಬಿದ್ದಾಗ ಮೊದಲು ನಿಲ್ಲುತ್ತಿದ್ದದ್ದು ಅವಳಿಗೆ ಬರಬೇಕಾದ ಹಣ, ಕೊನೆಗೆ ನಿಲ್ಲುತ್ತಿದ್ದದ್ದು ಅವಳ ಒಲೆ. 1928ರಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಆರು ತಿಂಗಳು ಗಿರಣಿ ನಿಂತಾಗ ಬಹಳ ಮಂದಿ ಊರಿಗೆ ಹೋಗಿ ಹೊಲದಲ್ಲಿ ದಿನ ದೂಡಿದರು. ಶಹರದಲ್ಲೇ ಉಳಿದು ಮುಷ್ಕರ ಕಾಯ್ದವರಿಗೂ ದಿನಾ ಊಟ ಬೇಕಿತ್ತು. ಅವರ ಬಟ್ಟಲಿಗೆ ಬಿದ್ದ ಅನ್ನದಲ್ಲಿ ಗಿರವಿಗೆ ಹೋದ ಮೂಗುಬೊಟ್ಟಿನ, ತಾಳಿಯ ಪಾಲೆಷ್ಟು ಎಂದು ಯೂನಿಯನ್ನಿನ ಲೆಕ್ಕಪತ್ರ ಹೇಳುವುದಿಲ್ಲ.

ಅವಳ ಬಿಡುವು

ಇದ್ದದ್ದು ಮಧ್ಯಾಹ್ನ. ಡಬ್ಬಾ ಹೋದ ಮೇಲೆ, ಸಂಜೆಯ ಒಲೆ ಹೊತ್ತಿಸುವ ಮುಂಚೆ ಒಂದೆರಡು ತಾಸು ಪಡಸಾಲೆ ಹೆಂಗಸರದು. ಆದರೆ ಆಗಲೂ ಕೈ ಖಾಲಿಯಿಲ್ಲ. ಮೊರದಲ್ಲಿ ಅಕ್ಕಿ, ಮಡಿಲಲ್ಲಿ ಕೂಸು, ಮುಂದೆ ಕೂತವಳ ತಲೆಯಲ್ಲಿ ಬಾಚಣಿಗೆ. ಮಾತು, ನಗು, ಬೈಗುಳ, ಊರಿನ ಕಾಗದ ಓದಿಸುವುದು. ದುಡಿಮೆಯನ್ನು ಜೊತೆಯಲ್ಲಿ ಕೂತು ಮಾಡಿದರೆ ಅದನ್ನೇ ಬಿಡುವು ಎನ್ನಬೇಕಿತ್ತು. ಊರಿನಲ್ಲಿ ಬೀಸುವಾಗ ಹಾಡುತ್ತಿದ್ದ ಓವಿಗಳು ಹಿಟ್ಟಿನ ಗಿರಣಿ ಬಂದ ಮೇಲೆ ನಿಂತವು; ಅದರಿಂದ ತೋಳಿಗೆ ಸುಖವಾಯಿತು, ಹಾಡಿಗೆ ಜಾಗ ಹೋಯಿತು. ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ಕೋಣೆಯಿಂದ ಕೋಣೆಗೆ ಹೋಗಬಹುದಿತ್ತು. ತಿಂಗಳಿಗೊಮ್ಮೆ ಭಿಶಿ (ಚೀಟಿ) ಎತ್ತುವ ದಿನ ಒಂದಿಷ್ಟು ಗದ್ದಲ. ಗಣಪತಿಯ ಹಬ್ಬಕ್ಕೆ ಊಟದ ಗಂಡಸರು ಊರಿಗೆ ಹೋದರೆ ಅದೇ ಅವಳಿಗೆ ವರ್ಷದ ರಜೆ. ಆ ದಿನಗಳ ಹಣವೂ ಅಷ್ಟರಮಟ್ಟಿಗೆ ಖೋತಾ. 1972ರ ಅಕ್ಟೋಬರ್‌ನಲ್ಲಿ ಮುಂಬಯಿಗೆ ಟಿ.ವಿ. ಬಂತು. ಪಡಸಾಲೆಯಲ್ಲಿ ಮೊದಲು ಟಿ.ವಿ. ಕೊಂಡವರ ಬಾಗಿಲಲ್ಲಿ ಭಾನುವಾರದ ಸಿನಿಮಾಕ್ಕೆ ನಿಂತ ಹೆಂಗಸರ ಹಿಂಡಿನಲ್ಲಿ, ಒಲೆಯ ಮೇಲೆ ಏನೂ ಇಟ್ಟು ಬಾರದೆ ಪೂರ್ತಿ ನೋಡಿದವಳು ಎಷ್ಟು ಜನರಲ್ಲಿ ಒಬ್ಬಳಿರಬಹುದು!

ಅವಳ ದುಡಿಮೆಗೆ ಒಂದು ಹೆಸರು ಸಿಕ್ಕಿದ್ದು 1975ರಲ್ಲಿ. ಗೋವಾದ ವಿಮೋಚನೆಗೆ ಹೋರಾಡಿ, ಆಮೇಲೆ ಮುಂಬಯಿಯ ಕಾರ್ಮಿಕ ಚಳವಳಿಯಲ್ಲಿದ್ದ ಪ್ರೇಮಾ ಪುರಾವ್ ಹದಿನಾಲ್ಕು ಖಾನಾವಳಿ ಹೆಂಗಸರನ್ನು ಕೂಡಿಸಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. ಮಾಡಿದ ಮೊದಲ ಕೆಲಸ ಸರಳವಾದದ್ದು: 1969ರಲ್ಲಿ ರಾಷ್ಟ್ರೀಕರಣಗೊಂಡ ಬ್ಯಾಂಕುಗಳ ಬಾಗಿಲು ತಟ್ಟಿ, ಇವರೂ ಉದ್ಯಮ ನಡೆಸುವವರೇ, ಇವರಿಗೂ ಸಾಲ ಕೊಡಿ ಎಂದದ್ದು. ಅಡವಿಡಲು ಮನೆಯಿಲ್ಲ, ಸಹಿ ಹಾಕಲು ಅಕ್ಷರವಿಲ್ಲ. ಒಬ್ಬರಿಗೊಬ್ಬರು ಜಾಮೀನು ನಿಂತರು. ಸಾಲ ಬಂತು, ತೀರಿತು, ಮತ್ತೆ ಬಂತು. ಹೆಂಗಸರ ಗುಂಪಿಗೆ ಸಾಲ ಕೊಡುವುದು ದೇಶದಲ್ಲಿ ಸರ್ಕಾರಿ ಕಾರ್ಯಕ್ರಮವಾಗುವುದಕ್ಕೆ ಎಷ್ಟೋ ವರ್ಷ ಮುಂಚಿನ ಮಾತು ಇದು.

ಆಮೇಲೆ

1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತ್ ಅವರ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಮಂದಿ ಗಿರಣಿ ಬಿಟ್ಟು ಹೊರಬಂದರು. ಆ ಮುಷ್ಕರವನ್ನು ಹಿಂತೆಗೆದುಕೊಂಡ ದಿನವೆಂಬುದೇ ಇಲ್ಲ. ಮೊದಲ ತಿಂಗಳುಗಳಲ್ಲಿ ಪಡಸಾಲೆ ತುಂಬಿತ್ತು. ಎಲ್ಲರಿಗೂ ಬೇಕಾದಷ್ಟು ಹೊತ್ತಿತ್ತು, ಭಜನೆಗೆ ಮಾತ್ರ ಮನಸ್ಸಿರಲಿಲ್ಲ. ಆಮೇಲೆ ಟ್ರಂಕುಗಳು ಒಂದೊಂದಾಗಿ ಊರಿನ ದಾರಿ ಹಿಡಿದವು. ಹೋಗುವವನು ಖಾನಾವಳಿಯವಳ ಬಾಗಿಲಲ್ಲಿ ನಿಂತು, ಗಿರಣಿ ತೆರೆದ ಕೂಡಲೇ ಬಂದು ತೀರಿಸುತ್ತೇನೆ ಮಾವಶಿ (ಚಿಕ್ಕಮ್ಮ) ಎಂದು ಹೇಳಿ ಹೋಗಬೇಕು. ಅವಳು ದಾರಿಗೆಂದು ನಾಲ್ಕು ಭಾಕರಿ ಕಟ್ಟಿಕೊಡಬೇಕು. ಎಷ್ಟೋ ಗಿರಣಿಗಳು ತೆರೆಯಲಿಲ್ಲ. ತೆರೆದವು ಕೂಡ ಹಳಬರನ್ನೆಲ್ಲ ಒಳಗೆ ಬಿಟ್ಟುಕೊಳ್ಳಲಿಲ್ಲ.

ಈಗ ಗಿರಣಿಯ ಜಾಗದಲ್ಲಿ ಗಾಜಿನ ಕಚೇರಿಗಳು, ಮಾಲುಗಳು. ಚಾಳುಗಳ ಸರದಿಯೂ ಬಂದಿದೆ. ವರಳಿ, ನಾಯಗಾಂವ್, ಎನ್.ಎಂ. ಜೋಶಿ ಮಾರ್ಗದ 195 ಕಟ್ಟಡಗಳನ್ನು ಕೆಡವಿ, ಹಳೆಯ ಬಾಡಿಗೆದಾರರಿಗೆ 500 ಚದರ ಅಡಿಯ ಮನೆ ಕಟ್ಟಿಕೊಡುವ ಕೆಲಸ ನಡೆದಿದೆ. 2025ರ ಆಗಸ್ಟ್‌ನಲ್ಲಿ ವರಳಿಯ ಮೊದಲ 556 ಮನೆಗಳ ಕೀಲಿ ಕೊಟ್ಟರು. ಮೂರು ತಲೆಮಾರು ಶೌಚದ ಸರದಿಯಲ್ಲಿ ನಿಂತವರಿಗೆ ಸ್ವಂತ ಬಚ್ಚಲು, ಸ್ವಂತ ಅಡುಗೆಮನೆ ಸಿಕ್ಕಿದ್ದು ನನಗೆ ನಿಜವಾಗಿ ಸಂತೋಷ ಕೊಟ್ಟ ಸುದ್ದಿ. ಪಡಸಾಲೆಯ ನೆನಪಿಗಾಗಿ ಅವರು ಕತ್ತಲಲ್ಲೇ ಇರಬೇಕಿತ್ತೆಂದು ಹೇಳಲು ಹೊರಗಿನವರಾದ ನಮಗೆ ಯಾವ ಹಕ್ಕೂ ಇಲ್ಲ.

ಮನೆ ಯಾರಿಗೆಂದು ನಿರ್ಧರಿಸಲು ನೋಡುವುದು ಬಾಡಿಗೆಯ ಕಾಗದದ ಮೇಲಿನ ಹೆಸರನ್ನು. ಊರಿನ ಕೋಣೆಯಲ್ಲಿ ಆ ಹೆಸರು ಒಬ್ಬನದೇ ಇರುತ್ತಿತ್ತು. ಗೋಡೆಗುಂಟ ಟ್ರಂಕು ಇಟ್ಟು, ಮೂವತ್ತು ವರ್ಷ ವಂತಿಗೆ ಕೊಟ್ಟು, 1982ರ ನಂತರ ಕೊಂಕಣದ ಚಿಪಳೂಣಕ್ಕೋ ಸಂಗಮೇಶ್ವರಕ್ಕೋ ಮರಳಿದವರ ಹೆಸರು ಮಂಡಳದ ವಹಿಯಲ್ಲಿದ್ದರೆ ಉಂಟು. ಖಾನಾವಳಿಯವಳ ಹತ್ತಿರ ವಹಿಯೂ ಇರಲಿಲ್ಲ. ಯಾರು ಎಷ್ಟು ದಿನ ಉಂಡರು ಎಂಬುದಕ್ಕೆ ಬಾಗಿಲ ಹಿಂದಿನ ಗೋಡೆಯ ಮೇಲೆ ಇದ್ದಿಲಲ್ಲಿ ಗೀರು ಎಳೆದು, ಪಗಾರದ ದಿನ ಕೊಟ್ಟವರ ಗೀರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು ಅವಳ ಲೆಕ್ಕ.